ಪಿಯಾನೊ ಮುಚ್ಚಿಟ್ಟ ಟಾಮ್ ವೇಟ್ಸ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಅಮೆರಿಕದ ಹಾಡುಗಾರ ಟಾಮ್ ವೇಟ್ಸ್‌ನ ‘ರಿಯಲ್ ಗಾನ್’ ಆಲ್ಬಮ್ಮನ್ನು ಎರಡು ಹಾಡಿಗೇ ನಿಲ್ಲಿಸಿಬಿಟ್ಟೆ, ಅದು ಬರೀ ಗದ್ದಲ, ಅಷ್ಟು ಚೆಂದದ ಹಾಡು ಕಟ್ಟುತ್ತಿದ್ದವನಿಗೆ ಇದೇನು ಬಂತು ಎಂದು ಕೇಳಿದ್ದೀಯ. 1973ರ ‘ಕ್ಲೋಸಿಂಗ್ ಟೈಮ್’ನ ಪಿಯಾನೊ ಹಾಡುಗಳನ್ನು ಇಷ್ಟು ವರ್ಷ ಎದೆಗವಚಿಕೊಂಡು ಬಂದವನು ನೀನು. ನಿನಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಆದರೂ ಈ ಮಾತನ್ನು ಅಲ್ಲಿಗೇ ಬಿಡಲು ನನಗೆ ಮನಸ್ಸು ಒಪ್ಪುತ್ತಿಲ್ಲ. ನೀನು ಪ್ರೀತಿಸುವ ಆ ಹಳೆಯ ವೇಟ್ಸ್ ಈ ಗದ್ದಲದ ಒಳಗೇ ಇದ್ದಾನೆ. ಅವನನ್ನು ನಿನಗೆ ತೋರಿಸಿಕೊಡಬೇಕು ಎಂದು ಈ ಪತ್ರ.

ಮೊದಲು ಅಲ್ಲಿ ಏನಿಲ್ಲ ಎಂಬುದನ್ನು ನೋಡು. 2004ರ ಅಕ್ಟೋಬರ್‌ನಲ್ಲಿ ಈ ಆಲ್ಬಮ್ ಬಂದಾಗ ವೇಟ್ಸ್‌ಗೆ 54 ವರ್ಷ. ಎರಡು ವರ್ಷ ಹಿಂದೆಯಷ್ಟೇ ‘ಆಲಿಸ್’ ಮತ್ತು ‘ಬ್ಲಡ್ ಮನಿ’ ಎಂಬ ಎರಡು ಆಲ್ಬಮ್‌ಗಳನ್ನು ಒಟ್ಟಿಗೇ ಹೊರತಂದಿದ್ದ. ಎರಡೂ ರಂಗಭೂಮಿಗೆಂದು ಕಟ್ಟಿದ ಹಾಡುಗಳು. ‘ಆಲಿಸ್’ನಲ್ಲಂತೂ ಪಿಯಾನೊ ತುಂಬಿಕೊಂಡಿದೆ. ‘ರಿಯಲ್ ಗಾನ್’ನಲ್ಲಿ ಹುಡುಕಿದರೂ ಪಿಯಾನೊ ಸಿಗುವುದಿಲ್ಲ. ಮೂರು ದಶಕ ಜನ ಅವನನ್ನು ಯಾವ ವಾದ್ಯದ ಮುಂದೆ ಕಲ್ಪಿಸಿಕೊಂಡರೋ ಆ ವಾದ್ಯವನ್ನೇ ಪೂರ್ತಿಯಾಗಿ ಮುಚ್ಚಿಟ್ಟ. ಇದನ್ನು ಹಟ ಎಂದು ತಳ್ಳಿಹಾಕಬೇಡ. ಒಗ್ಗಿದ ವಾದ್ಯದ ಮುಂದೆ ಕುಳಿತರೆ ಬೆರಳುಗಳು ತಾವಾಗಿಯೇ ಹಳೆಯ ಜಾಗಗಳಿಗೇ ಹೋಗುತ್ತವೆ. ಗಿಟಾರ್ ನುಡಿಸುವ ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕೆ?

ಪಿಯಾನೊದ ಜಾಗಕ್ಕೆ ಅವನು ತಂದು ಕೂರಿಸಿದ್ದು ತನ್ನ ಬಾಯಿಯನ್ನು. ಮನೆಯ ಬಚ್ಚಲುಮನೆಯಲ್ಲಿ ನಾಲ್ಕು ಟ್ರ್ಯಾಕ್‌ಗಳ ಕ್ಯಾಸೆಟ್ ಯಂತ್ರ ಇಟ್ಟುಕೊಂಡು ಉಸಿರು, ಕೆಮ್ಮು, ಉಗುಳು, ಗುಟುರು ಎಲ್ಲವನ್ನೂ ಲಯಕ್ಕೆ ಕಟ್ಟಿ ಧ್ವನಿಮುದ್ರಿಸಿದ. ಆಮೇಲೆ ಆ ಟೇಪುಗಳನ್ನೇ ಬುನಾದಿ ಮಾಡಿಕೊಂಡು ಅವುಗಳ ಮೇಲೆ ವಾದ್ಯಗಳನ್ನು ನುಡಿಸಿದರು. ಅದು ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಮುಖಜಭೂಮಿಯಲ್ಲಿರುವ ಲಾಕ್ ಎಂಬ ಪುಟ್ಟ ಊರಿನ ಹಳೆಯ ಶಾಲಾ ಕಟ್ಟಡದಲ್ಲಿ. ಚೀನಾದಿಂದ ವಲಸೆ ಬಂದವರು 1915ರಲ್ಲಿ ತಮಗಾಗಿ ಕಟ್ಟಿಕೊಂಡ ಊರು ಅದು. ಹೆಂಡತಿ ಕ್ಯಾಥ್ಲೀನ್ ಬ್ರೆನನ್ ಎಂದಿನಂತೆ ಹಾಡು ಕಟ್ಟುವುದರಲ್ಲೂ ನಿರ್ಮಾಣದಲ್ಲೂ ಜೊತೆಗಿದ್ದಳು. ಇಪ್ಪತ್ತು ತುಂಬದ ಮಗ ಕೇಸಿ ತಾಳವಾದ್ಯಗಳನ್ನೂ ಟರ್ನ್‌ಟೇಬಲ್ಲನ್ನೂ ನೋಡಿಕೊಂಡ. ಮೊದಲ ಹಾಡು ‘ಟಾಪ್ ಆಫ್ ದ ಹಿಲ್’ನಲ್ಲಿ ಗರಗಸದಂತೆ ಕರಕರ ಎನ್ನುತ್ತದಲ್ಲ, ಅದರ ಹೆಚ್ಚಿನ ಭಾಗ ವೇಟ್ಸ್‌ನ ಗಂಟಲೇ.

ಇದಕ್ಕೆ ನಾವು ಮೂಗು ಮುರಿಯಬಾರದು. ಮೃದಂಗಕ್ಕೆ ಕೈ ಹಚ್ಚುವ ಮೊದಲು ಬಾಯಲ್ಲಿ ತಕಧಿಮಿ ಹೇಳಿಸುವ ನಾಡಿನವರು ನಾವು. ಕೊನ್ನಕ್ಕೋಲು ಕೇಳುತ್ತಾ ತಲೆದೂಗಿದವರು. ಅಲ್ಲಿರುವ ಲೆಕ್ಕಾಚಾರ, ಮುಕ್ತಾಯಗಳ ಜಾಣ್ಮೆ ವೇಟ್ಸ್‌ನಲ್ಲಿಲ್ಲ, ಅದು ನಿಜ. ಅವನ ಬಾಯಿತಾಳ ಬೇರೆ ಕಡೆಯಿಂದ ಬಂದದ್ದು: ಭಾರ ಎತ್ತುವವನ ಏದುಸಿರಿನಿಂದ. 1947ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿಗೆ ಹೋಗಿ ಕಪ್ಪುಜನ ಕೈದಿಗಳ ದುಡಿಮೆಯ ಹಾಡುಗಳನ್ನು ಧ್ವನಿಮುದ್ರಿಸಿದ್ದು ನಿನಗೆ ನೆನಪಿರಬೇಕು. ಅಲ್ಲಿ ಬೇರೆ ವಾದ್ಯವಿಲ್ಲ, ಕೊಡಲಿಯ ಪೆಟ್ಟೇ ತಾಳ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ. ಈಗ ‘ಡೋಂಟ್ ಗೋ ಇಂಟು ದಟ್ ಬಾರ್ನ್’ (ಆ ಕೊಟ್ಟಿಗೆಗೆ ಹೋಗಬೇಡ) ಕೇಳು. ನಡುವೆ ಒಂದು ದನಿ ಒಂದರ ಹಿಂದೊಂದು ಪ್ರಶ್ನೆ ಹಾಕುತ್ತದೆ, ಇನ್ನೊಂದು ದನಿ ತಲೆಬಾಗಿ ಹೌದು ಎನ್ನುತ್ತದೆ. ಅದೇ ಸವಾಲು-ಜವಾಬಿನ ಕಟ್ಟು. ಆದರೆ ಇಲ್ಲಿ ಮಾತಾಡುತ್ತಿರುವುದು ಕೊಲೆಯ ಕುರುಹು ಅಳಿಸುವುದರ ಬಗ್ಗೆ. ಅದನ್ನು ಕೇಳುವಾಗಲೆಲ್ಲ ನನಗೆ ಭಯವಾಗುತ್ತದೆ.

ಅಮೆರಿಕದ ಕಪ್ಪುಜನರ ಹಾಡಾದ ಬ್ಲೂಸ್ ಎಂದರೆ ಹನ್ನೆರಡು ಬಾರ್ (ತಾಳದ ಆವರ್ತ), ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎರಡು ಸಲ ಹೇಳಿದ ಸಾಲಿಗೆ ಮೂರನೆಯದು ಉತ್ತರ ಎಂದು ನೀನೇ ನನಗೆ ಕಲಿಸಿದ್ದೆ. ಈ ಆಲ್ಬಮ್‌ನಲ್ಲಿ ಅದನ್ನು ಹುಡುಕಿದ್ದರಿಂದಲೇ ನಿನಗೆ ನಿರಾಸೆಯಾಗಿದೆ ಎಂದು ನನ್ನ ಊಹೆ. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನಲ್ಲಿ ಇನ್ನೊಂದು ಬಗೆಯ ಬ್ಲೂಸ್ ಇದೆ. ಆರ್.ಎಲ್. ಬರ್ನ್‌ಸೈಡ್, ಜೂನಿಯರ್ ಕಿಂಬ್ರೊ ನುಡಿಸಿದ್ದು ಅದನ್ನು. ಕಾರ್ಡ್ ಬದಲಾಗುವುದೇ ಅಪರೂಪ. ಒಂದೇ ಸ್ವರಗುಚ್ಛವನ್ನು ಹಿಡಿದು ಕೇಳುವವನ ಮೈಮೇಲೆ ಬರುವವರೆಗೆ ತಿರುಗಿಸುತ್ತಾರೆ. ‘ರಿಯಲ್ ಗಾನ್’ನ ಎಷ್ಟೋ ಹಾಡುಗಳು ಆ ಕುಲದವು. ಹತ್ತು ನಿಮಿಷ ದಾಟುವ ‘ಸಿನ್ಸ್ ಆಫ್ ಮೈ ಫಾದರ್’ ಎಲ್ಲಿಗೂ ಅವಸರ ಮಾಡದೆ ಕಾಲೆಳೆಯುತ್ತಾ ಸಾಗುತ್ತದೆ. ತಂಬೂರಿಯ ಒಂದು ಶ್ರುತಿಯ ಮೇಲೆ ಇಡೀ ಸಂಜೆ ನಿಲ್ಲುವ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಕಾರ್ಡ್ ಯಾವಾಗ ಬದಲಾಗುತ್ತದೆ ಎಂದು ಕಾಯುವುದನ್ನು ಬಿಟ್ಟು ಕೇಳಿ ನೋಡು.

ದನಿಯ ಬಗ್ಗೆಯೂ ದೂರಿದ್ದೀಯ. ಗೊಗ್ಗರು ದನಿ ಹೌದು, ಹಿಂದಿಗಿಂತ ಹೆಚ್ಚು ಒಡೆದಿದೆ. ಒರಟು ದನಿಯ ಬ್ಲೂಸ್ ಗಾಯಕ ಹೌಲಿನ್ ವೂಲ್ಫ್‌ನನ್ನು ಮೆಚ್ಚುವ ನೀನು ಈ ದನಿಗೆ ಮುಖ ತಿರುಗಿಸುವುದು ನ್ಯಾಯವಲ್ಲ! ಬ್ಲೂಸ್‌ನ ಹಿರಿಯ ಗಾಯಕ ಲೆಡ್ ಬೆಲಿ ತೀರಿಕೊಂಡದ್ದು 1949ರ ಡಿಸೆಂಬರ್ 6ರಂದು. ವೇಟ್ಸ್ ಹುಟ್ಟಿದ್ದು ಮರುದಿನ, 7ರಂದು. ವೇಟ್ಸ್ ಸ್ವತಃ ಇದನ್ನು ಸಂದರ್ಶನಗಳಲ್ಲಿ ನೆನೆದಿದ್ದಾನೆ. ಇಂಥ ಕಾಕತಾಳೀಯಗಳಿಗೆ ಅರ್ಥ ಹಚ್ಚುವ ಅಭ್ಯಾಸ ನನಗಿಲ್ಲ, ಆದರೂ ಈ ಒಂದನ್ನು ಮರೆಯಲಾರೆ. ‘ಮೇಕ್ ಇಟ್ ರೇನ್’ನಲ್ಲಿ ಹೆಣ್ಣು ಬಿಟ್ಟುಹೋದ ಗಂಡಸೊಬ್ಬ ತನ್ನನ್ನು ಬೈಬಲ್ಲಿನಲ್ಲಿ ತಮ್ಮನನ್ನು ಕೊಂದ ಕೇನ್‌ಗೆ ಹೋಲಿಸಿಕೊಂಡು ಮಳೆ ಸುರಿಸು ಎಂದು ಆಕಾಶಕ್ಕೆ ಕೂಗುತ್ತಾನೆ. ಇಂಪಾದ ದನಿಯಲ್ಲಿ ಆ ಕೂಗನ್ನು ಹಾಡಿದರೆ ಯಾರು ನಂಬುತ್ತಾರೆ?

ಇನ್ನು ಗಿಟಾರ್. ಇದನ್ನು ನಿನಗೆಂದೇ ಉಳಿಸಿಕೊಂಡೆ. 1985ರ ‘ರೇನ್ ಡಾಗ್ಸ್’ನಲ್ಲಿ ನುಡಿಸಿದ್ದ ಮಾರ್ಕ್ ರಿಬೊ ಇಲ್ಲಿಯೂ ಇದ್ದಾನೆ. ಹೈಟಿ ಮೂಲದ ಫ್ರಾಂಟ್ಜ್ ಕಸ್ಸೇಯಸ್‌ನ ಬಳಿ ಶಾಸ್ತ್ರೀಯ ಗಿಟಾರ್ ಕಲಿತವನು. ಕ್ಯೂಬಾದ ಆರ್ಸೆನಿಯೊ ರೊಡ್ರಿಗಸ್‌ನ ಹಾಡುಗಳಿಗೆಂದೇ ಒಂದು ತಂಡ ಕಟ್ಟಿದವನು. ‘ಹಾಯ್ಸ್ಟ್ ದಟ್ ರ್‍ಯಾಗ್’ನಲ್ಲಿ ವೇಟ್ಸ್ ಬಾವುಟವನ್ನು ಚಿಂದಿಯೆಂದು ಕರೆದು, ಅದನ್ನು ಏರಿಸಿ ಎಂದು ಗಂಟಲು ಹರಿಯುವಂತೆ ಕಿರುಚುತ್ತಾನೆ. ಆ ಕಿರುಚಾಟದ ಪಕ್ಕದಲ್ಲೇ ರಿಬೊ ಹವಾನಾದ ಕುಣಿತದ ಮನೆಯಿಂದ ಎದ್ದು ಬಂದವನ ಹಾಗೆ ಲೀಲಾಜಾಲವಾಗಿ ನುಡಿಸುತ್ತಾನೆ. ಯುದ್ಧದ ಹಾಡು, ಮೈಯನ್ನು ಕುಣಿಸುತ್ತದೆ. ನೀನು ನಿಲ್ಲಿಸಿದ್ದು ಸರಿಯಾಗಿ ಈ ಹಾಡಿನಲ್ಲಿ! ದಯವಿಟ್ಟು ಇನ್ನೊಮ್ಮೆ ಕೇಳು, ಗಿಟಾರನ್ನು ಮಾತ್ರ ಹಿಂಬಾಲಿಸು. ಬಾಸ್ ನುಡಿಸಿರುವ ಲ್ಯಾರಿ ಟೇಲರ್ ಕ್ಯಾನ್ಡ್ ಹೀಟ್ ಎಂಬ ಬ್ಲೂಸ್-ರಾಕ್ ತಂಡದವನು, ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದವನು. ಬ್ಲೂಸ್ ಅವನ ಮೂಳೆಯಲ್ಲಿತ್ತು. ಹಾಡುಗಳು ಎಷ್ಟೇ ಅಡ್ಡಾದಿಡ್ಡಿ ಹರಿದರೂ ನೆಲ ಬಿಡದಂತೆ ಹಿಡಿದವನು ಅವನೇ.

ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಆಲ್ಬಮ್ ಒಂದು ಗಂಟೆಗೂ ಮೀರಿ ಓಡುತ್ತದೆ. ಮೂರು ನಾಲ್ಕು ಹಾಡು ಕಡಿಮೆಯಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು. ‘ಮೆಟ್ರೊಪಾಲಿಟನ್ ಗ್ಲೈಡ್’ ನನ್ನನ್ನು ಎಂದೂ ಹಿಡಿದಿಲ್ಲ. ಶಬ್ದಗಳು ಒಂದರ ಮೇಲೊಂದು ಬಿದ್ದು ಮಸುಕಾಗುವ ಕಡೆಗಳೂ ಇವೆ. ವೇಟ್ಸ್ ಮತ್ತು ಬ್ರೆನನ್‌ಗೂ ಅದರಲ್ಲಿ ತೃಪ್ತಿಯಿರಲಿಲ್ಲವೇನೋ, 2017ರಲ್ಲಿ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿಸಿ ಮತ್ತೆ ಹೊರತಂದರು. ನೀನು ಅದನ್ನೇ ಕೇಳು.

‘ಡೇ ಆಫ್ಟರ್ ಟುಮಾರೋ’ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಕೊನೆಯ ಹಾಡು, ಅದರಾಚೆ ಹೆಸರು ನಮೂದಿಸದ ಒಂದು ಚಿಕ್ಕ ತುಣುಕಿದೆ, ಅಷ್ಟೇ. ಬಾಯಿತಾಳವಿಲ್ಲ, ತಗಡಿನ ಸದ್ದಿಲ್ಲ. ಗಿಟಾರಿನ ಮೆಲುದನಿಯ ಮೇಲೆ ಸೈನಿಕನೊಬ್ಬ ಮನೆಗೆ ಪತ್ರ ಬರೆಯುತ್ತಿದ್ದಾನೆ. ಅವನಿಗೆ ಅಂದೇ 21 ತುಂಬಿದೆ. ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನವನು. ಅಂಗಳದ ಹಿಮ ತೆಗೆಯುವುದು, ಉದುರಿದ ಎಲೆ ಗುಡಿಸುವುದು, ಇಂಥವಕ್ಕೇ ಅವನ ಜೀವ ಹಾತೊರೆಯುತ್ತಿದೆ. ಎದುರು ಪಾಳೆಯದವರೂ ದೇವರನ್ನು ಬೇಡುತ್ತಾರಲ್ಲ, ಯಾರ ಮೊರೆಯನ್ನು ಅವನು ತಳ್ಳಿಹಾಕುತ್ತಾನೆ ಎಂದು ಕೇಳುತ್ತಾನೆ. ತಾನು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿಲ್ಲ, ಇನ್ನೊಂದು ದಿನ ಬದುಕಿರಲು ಹೋರಾಡುತ್ತಿದ್ದೇನೆ ಎನ್ನುತ್ತಾನೆ. ನಾಡಿದ್ದು ವಿಮಾನ ಊರಿನಲ್ಲಿ ಇಳಿಯುತ್ತದೆ. ಹಾಡಿನಲ್ಲಿ ಯಾವ ಯುದ್ಧದ ಹೆಸರೂ ಇಲ್ಲ. ಇರಾಕ್ ಯುದ್ಧದ ಎರಡನೆಯ ವರ್ಷದಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ತಿಂಗಳ ಮೊದಲು ಅದನ್ನು ಕೇಳಿದವರಿಗೆ ಹೆಸರಿನ ಅಗತ್ಯವೂ ಇರಲಿಲ್ಲ.

ನೀನು ಹುಡುಕುತ್ತಿರುವ ‘ಕ್ಲೋಸಿಂಗ್ ಟೈಮ್’ನ ವೇಟ್ಸ್ ಅಲ್ಲಿ ಕುಳಿತಿದ್ದಾನೆ. ಆದರೆ ನೇರವಾಗಿ ಆ ಹಾಡಿಗೇ ಹಾರಬೇಡ. ಬಾವುಟದ ಕಿರುಚಾಟ, ಕೊಟ್ಟಿಗೆಯ ಕೊಲೆ, ಮಳೆಯ ಕೂಗು ಎಲ್ಲವನ್ನೂ ದಾಟಿ ಬಂದರೆ ಮಾತ್ರ ಆ ಹುಡುಗನ ಸಣ್ಣ ದನಿ ಎಷ್ಟು ಗದ್ದಲದ ನಡುವಿನಿಂದ ಬರೆಯುತ್ತಿದೆ ಎಂದು ತಿಳಿಯುತ್ತದೆ. ಮುಂಚಿನದೆಲ್ಲ ಅವನ ಸುತ್ತ ನಡೆಯುತ್ತಿರುವ ಯುದ್ಧ ಎಂದೇ ನಾನು ಈ ಆಲ್ಬಮ್ಮನ್ನು ಕೇಳುತ್ತೇನೆ.

ಪೂರ್ತಿ ಕೇಳುವಷ್ಟು ಬಿಡುವಿಲ್ಲದ ದಿನ ‘ಟ್ರ್ಯಾಂಪಲ್ಡ್ ರೋಸ್’ ಒಂದನ್ನಾದರೂ ಹಾಕಿಕೋ. ರಾಕ್ ಗಾಯಕ ರಾಬರ್ಟ್ ಪ್ಲಾಂಟ್ ಜೊತೆಗಿನ 2007ರ ‘ರೇಸಿಂಗ್ ಸ್ಯಾಂಡ್’ ಆಲ್ಬಮ್‌ನಲ್ಲಿ ಗಾಯಕಿ ಆಲಿಸನ್ ಕ್ರಾಸ್ ಅದನ್ನು ಹಾಡಿದ್ದಾಳೆ, ಮೊದಲು ಅವಳದ್ದು, ಆಮೇಲೆ ವೇಟ್ಸ್‌ನದ್ದು ಕೇಳು. ರಾಗ ಎಷ್ಟು ಚೆಂದದ್ದು ಎಂದು ಅವಳು ತೋರಿಸುತ್ತಾಳೆ, ಅದಕ್ಕೆ ಎಷ್ಟು ನೋವಾಗಿದೆ ಎಂದು ಅವನು. ನಿನಗೆ ಯಾವುದು ಹಿಡಿಸಿತು, ಯಾಕೆ ಎಂದು ವಿವರವಾಗಿ ಬರೆ. ಒಪ್ಪದಿದ್ದರೂ ಬರೆ. ಹಾಯ್ಸ್ಟ್‌ನ ಗಿಟಾರನ್ನು ನುಡಿಸಲು ಕೂತರೆ, ಅದನ್ನು ರೆಕಾರ್ಡ್ ಮಾಡಿ ಕಳಿಸು.

ಇಂತಿ,
ನಿನ್ನ ಗೆಳೆಯ