ವಿಮಾನ ಇಳಿಯದಿದ್ದರೆ ಬೇಡ, ಬಸ್ಸಾದರೂ ನಿಲ್ಲಲಿ

ಮಾನ್ಯ ಕಾಸರಗೋಡು ಸಂಸದರಿಗೆ,

ಕುಂಬಳೆಯಿಂದ ನಮಸ್ಕಾರ. ಪತ್ರ ಕನ್ನಡದಲ್ಲಿದೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರೆ ಅಂತ ನಂಬಿದ್ದೇನೆ.

ಕಳೆದ ಮಳೆಗಾಲದಲ್ಲಿ ದುಬೈಯಿಂದ ಬರುವ ಭಾವನನ್ನು ಕರೆತರಲು ಮಂಗಳೂರಿಗೆ ಹೋಗಿದ್ದೆವು. ಬೇಗ ತಲುಪಿದ್ದರಿಂದ ವಿಮಾನ ನಿಲ್ದಾಣದ ಹತ್ತಿರದ ಕೆಂಜಾರಿನ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಆಕಾಶ ನೋಡುತ್ತಾ ನಿಂತೆವು. ಮೋಡದೊಳಗಿಂದ ಮೊದಲು ವಿಮಾನದ ದೀಪ ಕಂಡಿತು, ಆಮೇಲೆ ಚಕ್ರ. ಇನ್ನೇನು ಗುಡ್ಡದ ಮೇಲೆ ಇಳಿಯಿತು ಅನ್ನುವಾಗ ಮೂತಿ ಎತ್ತಿ, ಎದೆ ನಡುಗುವ ಹಾಗೆ ಸದ್ದು ಮಾಡಿ, ಮತ್ತೆ ಮೋಡಕ್ಕೆ ನುಗ್ಗಿತು. ಅಮ್ಮನ ಕೈಯ ಕೊಡೆ ಕೆಳಗೆ ಬಿತ್ತು. ಪಕ್ಕದಲ್ಲಿದ್ದವರೊಬ್ಬರು, "ಇದನ್ನೆಲ್ಲ ಎಂಪಿಗೆ ಹೇಳ್ಬೇಕು" ಅಂತ ಫೋನ್ ತೆಗೆದರು.

ಅಂಥ ಫೋನ್ ಬಂದರೆ ದಯವಿಟ್ಟು ವಿಮಾನ ಕಂಪನಿಯವರನ್ನು ತರಾಟೆಗೆ ತೆಗೆದುಕೊಳ್ಳಬೇಡಿ. ಇಳಿಸುವುದು ಸುರಕ್ಷಿತ ಅನ್ನಿಸದಿದ್ದರೆ ಹೀಗೆ ಮೇಲೆದ್ದು ಮತ್ತೊಂದು ಸುತ್ತು ಹೋಗುವುದೇ ಸರಿ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು. ಉದ್ದ 2,450 ಮೀಟರ್, ಅದು ಕಮ್ಮಿಯೇನಲ್ಲ. ಆದರೆ ತುದಿ ದಾಟಿದರೆ ಬಯಲಿಲ್ಲ, ಇಳಿಜಾರು. 2010ರ ಮೇ 22ರ ಬೆಳಿಗ್ಗೆ ಮಳೆಯೂ ಇರಲಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ಶುರುವಾದಲ್ಲಿಂದ ಸುಮಾರು 1,600 ಮೀಟರ್ ಮುಂದೆ ಹೋಗಿ ನೆಲ ಮುಟ್ಟಿತು, ನಿಲ್ಲಲಾಗದೆ ತುದಿ ದಾಟಿ ಇಳಿಜಾರಿಗೆ ಬಿತ್ತು. ಇಳಿಸುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಅಂತ ಸಹಪೈಲಟ್ ಮೂರು ಸಲ ಹೇಳಿದ್ದರು ಅನ್ನುತ್ತದೆ ತನಿಖಾ ವರದಿ. 158 ಜನ ಹೋದರು, ಉಳಿದವರು 8. ಹೋದವರಲ್ಲಿ ನಮ್ಮ ಜಿಲ್ಲೆಯವರೆಷ್ಟು ಮಂದಿ ಇದ್ದರು ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ? ಕೊಡೆ ಹೆಕ್ಕಿಕೊಂಡ ಅಮ್ಮ "ಹೋದ್ರೆ ಹೋಗ್ಲಿ, ಒಳ್ಳೇದೇ ಆಯ್ತು" ಅಂದದ್ದು ಸುಮ್ನೆ ಅಲ್ಲ.

ಸಿಟ್ಟು ಬಂದದ್ದು ಆಮೇಲೆ. ವಿಮಾನ ಕಣ್ಣೂರಿನಲ್ಲಿ ಇಳಿದದ್ದು ನಮಗೆ ಗೊತ್ತಾದದ್ದು ಭಾವ ಫೋನ್ ಮಾಡಿದ ಮೇಲೆ. ಅವರನ್ನೆಲ್ಲ ಬಸ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ಬಸ್ಸು ಕುಂಬಳೆ ಪೇಟೆಯಲ್ಲೇ ಹಾದುಹೋಯಿತು. ದಾರಿಯಲ್ಲಿ ಇಳಿಸಲು ಆಗಲ್ಲ ಅಂದರಂತೆ. ಭಾವ ಕಿಟಕಿಯಿಂದ ಊರು ನೋಡಿಕೊಂಡು ತಲಪಾಡಿ ದಾಟಿ ಹೋದರು. ನಾವು ಮಂಗಳೂರಿನಿಂದ ಅವರನ್ನು ಹತ್ತಿಸಿಕೊಂಡು ಅದೇ ರಸ್ತೆಯಲ್ಲಿ ವಾಪಸ್ ಬಂದೆವು.

ಇದಕ್ಕೊಂದು ದಾರಿ ಮಾಡಿ. ಇಂಥ ಬಸ್ಸುಗಳು ಕಾಸರಗೋಡು, ಕುಂಬಳೆ, ಮಂಜೇಶ್ವರದಲ್ಲಿ ನಿಲ್ಲಲಿ. ಲೋಕಸಭೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಅಪಘಾತವಾದಾಗ ರನ್‌ವೇ ತುದಿಯ ಸುರಕ್ಷತಾ ಜಾಗ 90 ಮೀಟರ್ ಇತ್ತು, ಅಂತಾರಾಷ್ಟ್ರೀಯ ಶಿಫಾರಸು 240. ಆ 240 ಮೀಟರ್ ಬಜ್ಪೆಗೆ ಯಾವಾಗ?

ಇತಿ,
ಕುಂಬಳೆಯ ಒಬ್ಬ ಮತದಾರ