ಅಕ್ಕಿ ತೊಳೆದ ನೀರಿನ ಮಲ್ಲಿಗೆ

ಆತ್ಮೀಯ ಕನ್ನಡ ಬಂಧುಗಳೇ,

ನಮ್ಮ ಪತ್ರಿಕೆಯ ಯುಗಾದಿ ಸಂಚಿಕೆ ಊರಿನಿಂದ ದೂರವಿರುವ ನಿಮ್ಮ ಕೈ ಸೇರುವ ಹೊತ್ತಿಗೆ ಬೆಂಗಳೂರಿನಲ್ಲಿ ಹೊಂಗೆ ಚಿಗುರಿರುತ್ತದೆ. ಬೀದಿಯ ಮರಗಳಿಗೆ ಹಬ್ಬ. ಮನೆಯಂಗಳದ ಗಿಡಗಳಿಗೆ ಕಷ್ಟಕಾಲದ ಆರಂಭ.

2024ರ ಮಾರ್ಚ್‌ನಲ್ಲಿ ನಾನು ಹನುಮಂತನಗರದ ಅಮ್ಮನ ಮನೆಯಲ್ಲಿದ್ದೆ. ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗೆ ಕಾಯುತ್ತಿದ್ದ ಬೇಸಿಗೆ. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅದು ಸರಿಯಾದ ಆದೇಶವೆಂದೇ ನನ್ನ ಭಾವನೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಎತ್ತರಕ್ಕೆ ತರಿಸಿಕೊಳ್ಳುವ ಊರು ನಮ್ಮದು. ಆ ನೀರು ಮೊದಲು ಗಂಟಲಿಗೇ ಸಲ್ಲಬೇಕು.

ಅಮ್ಮ ಸಿಂಕಿನೊಳಗೆ ಅಗಲದ ಬೇಸಿನ್ ಇಟ್ಟಿದ್ದಳು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ಅದಕ್ಕೆ. ಬೆಳಗಿನ ಆರಕ್ಕೆ ಅರ್ಧ ಬಕೆಟ್ ಹಿಡಿದು ಹೊರಡುತ್ತಿದ್ದಳು. ಎರಡು ಮೆಟ್ಟಿಲು ಇಳಿದು, ಕಂಬ ಹಿಡಿದು ನಿಂತು, ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಟ್ಟು, ಮತ್ತೆ ಬಕೆಟ್ ಎತ್ತುತ್ತಿದ್ದಳು. ತುಳಸಿ, ಕರಿಬೇವು, ಮಲ್ಲಿಗೆಗೆ ಮೊದಲ ಪಾಲು. ಕ್ರೋಟನ್ ಸೊರಗಿತ್ತು. "ಅದನ್ನ ಮುಂದಿನ ವರ್ಷ ತರಬಹುದು ಕಣೋ. ಮಲ್ಲಿಗೆ ನಿಮ್ಮಪ್ಪ ನೆಟ್ಟಿದ್ದು" ಅಂದಳು.

ಗಿಡ ಉಳಿಯುತ್ತಿತ್ತು, ಅಮ್ಮನ ಸೊಂಟದ ಖರ್ಚಿನಲ್ಲಿ. ಇಷ್ಟು ವರ್ಷ ಫೋನಿನಲ್ಲಿ ಬಿಪಿ, ಶುಗರ್ ವಿಚಾರಿಸಿದ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂದೇ ಬಣ್ಣ ಬಳಿಯದ ಮಣ್ಣಿನ ಮಡಕೆ ತಂದು, ಮಲ್ಲಿಗೆಯ ಬುಡದಿಂದ ಗೇಣು ದೂರ ಕತ್ತಿನವರೆಗೆ ಹೂತೆ. ಸುತ್ತಲ ಮಣ್ಣು ಒಣಗಿದಂತೆಲ್ಲ ಮಡಕೆಯ ನೀರು ಜಿನುಗಿ ಬೇರಿಗೆ ಸೇರುತ್ತದೆ. ಬಿಸಿಲಿಗೆ ಆವಿಯಾಗುವುದು ಬಹಳ ಕಡಿಮೆ. ಸೊಳ್ಳೆ ಬರದಂತೆ ಬಾಯಿಗೆ ಮುಚ್ಚಳ ಬೇಕೇಬೇಕು. ಬುಡಕ್ಕೆ ತೆಂಗಿನ ನಾರು, ಅದರ ಮೇಲೆ ದಪ್ಪಗೆ ತರಗೆಲೆ. ಮೂರನೆಯ ದಿನ ಎಲೆ ಸರಿಸಿ ಬೆರಳು ಇಳಿಸಿದರೆ ಮಣ್ಣು ತಣ್ಣಗಿತ್ತು. ದಿನಾ ಹೊರುತ್ತಿದ್ದ ಬಕೆಟ್ ವಾರಕ್ಕೆ ಎರಡಕ್ಕೆ ಇಳಿಯಿತು. (ಆರ್‌ಓ ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಕುಂಡಗಳಿಗೆ ಸುರಿಯಬೇಡಿ, ಅದರಲ್ಲಿ ಲವಣ ಹೆಚ್ಚು. ನೆಲ ಒರೆಸಲು ಇಟ್ಟುಕೊಳ್ಳಿ.)

ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಯ ಬಗ್ಗೆ, ಭರಣಿ ಸುರಿದರೆ ಧರಣಿ ಬದುಕೀತು ಅನ್ನುತ್ತಾರೆ. ಆ ವರ್ಷ ನಗರದಲ್ಲಿ ಏಪ್ರಿಲ್ ಪೂರ್ತಿ ಮಳೆಯಿಲ್ಲ. ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತ್ತು. ಮೇ ಮೊದಲ ವಾರದಲ್ಲಿ ಮಳೆ ಬಂತು. ಅಷ್ಟರಲ್ಲಿ ಮಲ್ಲಿಗೆ ಎರಡು ಸಲ ಹೂ ಬಿಟ್ಟಾಗಿತ್ತು.

ಈ ವಾರ ಊರಿಗೆ ಫೋನ್ ಮಾಡಿದಾಗ, ಗಿಡಕ್ಕೆ ನೀರು ಹೊರುವವರು ಯಾರು ಎಂದು ದಯವಿಟ್ಟು ಕೇಳಿ. ರಜೆಗೆ ಹೋಗುವವರು ಒಂದು ಬೆಳಗು ಗುದ್ದಲಿ ಹಿಡಿಯಿರಿ.

ಕಳೆದ ಸಲ ಹೋದಾಗ ಇನ್ನೂ ನಾಲ್ಕು ಮಡಕೆ ಹೂತು ಬಂದೆ. ಕ್ರೋಟನ್ ಇದ್ದ ಜಾಗದಲ್ಲಿ ಅಮ್ಮ ದೊಡ್ಡಪತ್ರೆಯ ಕಡ್ಡಿ ಊರಿದ್ದಾಳೆ. ಅದಕ್ಕೆ ನೀರು ಅಷ್ಟೇನೂ ಬೇಡವಂತೆ.

– ಸಂಪಾದಕ