ಎಡಗಡೆ ಕೂತವರಿಗೆ

ನಿನ್ನೆ ಸಂಜೆ ಪ್ರದರ್ಶನ ಮುಗಿಯಿತು. 11 ಚಿತ್ರಗಳನ್ನು ಗೋಡೆಯಿಂದ ಇಳಿಸಿ, ಅವ್ವನ ಹಳೆ ಸೀರೆಗಳಲ್ಲಿ ಸುತ್ತಿ ಮನೆಗೆ ತಂದಾಯಿತು. ಧಾರವಾಡದ ಈ ಮಳೆಯಲ್ಲಿ ಐದು ದಿನವೂ ಜನ ಬಂದರು. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಕೆಲವರಿಗೆ ಮಾತ್ರ ಬಿಡಿಸಿ ಹೇಳಬೇಕು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ನನ್ನ ಬಲಗಿವಿ ಕೇಳಿಸಲಿಲ್ಲ. ಔಷಧಿ ಆಯಿತು, ಕಿವಿ ಮರಳಲಿಲ್ಲ. ಒಂದೇ ಕಿವಿಯಾದರೆ ಸದ್ದು ಯಾವ ಕಡೆಯಿಂದ ಬಂತು ಅನ್ನೋದೇ ತಿಳಿಯುವುದಿಲ್ಲ. ಕೋಣೆ ತುಂಬುತ್ತಿದ್ದ ತಂಬೂರಿ ಎಲ್ಲೋ ಮೂಲೆಗೆ ಅಂಟಿಕೊಂಡ ಹಾಗಿತ್ತು. ಹಾಡು ಕೇಳುವುದು ಬಿಟ್ಟೆ. ಬ್ರಷ್ಷೂ ಬಿಟ್ಟೆ. ಹಾಡು ಹಚ್ಚಿಕೊಂಡೇ ಅಲ್ವಾ ನಾನು ಚಿತ್ರ ಬರೆಯುತ್ತಿದ್ದದ್ದು.

ಪಕ್ಕದ ಮನೆಯ ಫಿಜಿಕ್ಸ್ ಸರ್ ಒಂದು ದಿನ ಕರೆದು ಕೂರಿಸಿದರು. ಸ್ಟ್ಯಾಂಡಿಗೆ ಬಿಗಿದ ಚೌಕ ಲೋಹದ ತಗಡು, ಮೇಲೆ ಸಣ್ಣ ಮರಳು. ಪಿಟೀಲಿನ ಕಮಾನನ್ನು ಅಂಚಿಗೆ ಹಚ್ಚಿ ಎಳೆದರು. ಮರಳು ಕುಣಿದು ಕುಣಿದು ಗೆರೆಯಾಗಿ ನಿಂತಿತು. ಬೆರಳಿಟ್ಟ ಜಾಗ ಬದಲಾಯಿಸಿದರೆ ಬೇರೆ ಸ್ವರ, ಬೇರೆ ರಂಗೋಲಿ! ಜರ್ಮನಿಯ ವಿಜ್ಞಾನಿ ಕ್ಲಾಡ್ನಿ 1787ರಲ್ಲೇ ಇಂಥ ಆಕಾರಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದರು. ಮರಳು ಸೇರುವುದು ತಗಡು ಅಲುಗದ ಜಾಗದಲ್ಲಿ, ಅಲುಗುವ ಜಾಗ ಖಾಲಿ ಉಳಿಯುತ್ತದೆ ಅಂತ ಸರ್ ಹೇಳಿದರು. ಕಣ್ಣಿಗೆ ಕಾಣುವ ಗೆರೆಯೆಲ್ಲ ಸುಮ್ಮನಿರುವ ಜಾಗದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರ್, ಆ ಕಮಾನಿನ ಋಣ ದೊಡ್ಡದು.

ದಿಲ್ಲಿಯ ಗೆಳತಿ ರಾಗಮಾಲಾ ಚಿತ್ರಗಳ ಪ್ರಿಂಟ್ ಕಳಿಸಿದಳು. ರಾಜಸ್ಥಾನ, ದಖ್ಖನ್, ಹಿಮಾಲಯದ ತಪ್ಪಲಿನ ಪಹಾಡಿ ಸೀಮೆಗಳಲ್ಲಿ ರಾಗಗಳನ್ನು ಮನುಷ್ಯರ ರೂಪದಲ್ಲಿ ಬರೆದರಲ್ಲ, ಅವು. ಪಹಾಡಿಯವರ ಲೆಕ್ಕದಲ್ಲಿ 6 ರಾಗ, ಅವರ ಹೆಂಡಂದಿರಾದ 30 ರಾಗಿಣಿ, 48 ಗಂಡುಮಕ್ಕಳು, ಒಟ್ಟು 84ರ ತುಂಬಿದ ಸಂಸಾರ. ನಾನು ನಿಂತದ್ದು ತೋಡಿ ರಾಗಿಣಿಯ ಮುಂದೆ. ಕೈಯಲ್ಲಿ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಸದ್ದನ್ನು ಎಲ್ಲೂ ಬರೆದಿಲ್ಲ. ಎತ್ತಿದ ಕತ್ತು, ನಿಂತೇಬಿಟ್ಟ ಕಾಲು, ನೆಟ್ಟ ಕಿವಿ. ತೋಡಿ ಕೇಳಿಸುತ್ತದೆ! ಎಷ್ಟೋ ಚಿತ್ರಗಳಲ್ಲಿ ಬರೆದವರ ಹೆಸರಿಲ್ಲ. ಅವರಿಗೂ ನನ್ನ ನಮಸ್ಕಾರ.

ಮೊದಲು ನಾನು ಹಾಡು ಅಂದರೆ ಅಲೆ ಅಲೆಯಾಗಿ ಬಣ್ಣ ಹರಿಸುತ್ತಿದ್ದೆ. ನೋಡಲು ಚೆಂದ, ಆದರೆ ಯಾವ ರಾಗಕ್ಕೂ ಹೊಂದುತ್ತಿತ್ತು. ಈ 11ರಲ್ಲಿ ಒಬ್ಬರೂ ಹಾಡುತ್ತಿಲ್ಲ. ಎಲ್ಲರೂ ಕೇಳುತ್ತಿದ್ದಾರೆ. ರೇಡಿಯೋದಲ್ಲಿ ಭೈರವ ರಾಗ ಬಂತೆಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ ಅವ್ವ ಇದ್ದಾಳೆ. ಸಂಗೀತ ಕಚೇರಿಯಲ್ಲಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುವ ಅಜ್ಜ ಇದ್ದಾನೆ. ಗಂಟೆಗಟ್ಟಲೆ ಅಲುಗದೆ ಕೂತು ಬರೆಸಿಕೊಂಡ ವೈನಿ ಇದ್ದಾರೆ. ವೈನಿ, ನಿಮ್ಮ ಬೆನ್ನುನೋವಿಗೆ ಕ್ಷಮೆ ಇರಲಿ.

ಕೊನೆಗೆ ಅಣ್ಣ. ಅವನು ಮಿರಜದಿಂದ ತಂದ ತಂಬೂರಿ ಕೂಡಿಸುವಾಗ ನನ್ನ ಅಂಗೈಯನ್ನು ಅದರ ಸೋರೆ ಬುರುಡೆಯ ಮೇಲೆ ಇಡಿಸಿದ. ತಂತಿಯ ಅಡಿ ದಾರವನ್ನು ಒಂದು ಚೂರು ಸರಿಸಿದ, ಮತ್ತೊಂದು ಚೂರು. ಜವಾರಿ, ಅಂದರೆ ತಂತಿಯ ಆ ಝೇಂಕಾರ, ಕೂಡಿದ ಗಳಿಗೆ ನನಗೆ ಮೊದಲು ಗೊತ್ತಾದದ್ದು ಕೈಗೆ. ಎರಡು ವರ್ಷದಿಂದ ಅವನು ರಿಯಾಜಿಗೆ ಜಾಗ ಬದಲಾಯಿಸಿದ್ದಾನೆ. ಯಾರೂ ಹೇಳಿಲ್ಲ, ತಾನಾಗಿಯೇ ನನ್ನ ಎಡಗಡೆಗೆ ಬಂದು ಕೂರುತ್ತಾನೆ.